ಗೆಯಿಟಾದ ಸಣ್ಣ ಚಿನ್ನದ ಗಣಿಗಳು: ಬೇಸ್‌ಲೈನ್ ಶುರುವಾಗಿದ್ದು ಮಿಲ್ಲಿನಿಂದ

ಬೇಸ್‌ಲೈನ್ ಸ್ಟಡಿ, ಅಂದರೆ ಯೋಜನೆ ಶುರುವಾಗುವ ಮುಂಚಿನ ಸ್ಥಿತಿ ಬರೆದಿಡುವ ಸಮೀಕ್ಷೆಗೆ, ಸಾಮಾನ್ಯವಾಗಿ ಊರಿನ ಮನೆಗಳ ಪಟ್ಟಿ ಹಿಡಿಯುತ್ತೇವೆ. ಒಂದಷ್ಟು ಮನೆ ಆರಿಸಿ ಪ್ರಶ್ನೆ ಕೇಳುತ್ತೇವೆ. ಯೋಜನೆ ಮುಗಿದ ಮೇಲೆ ಅದೇ ಮನೆಗಳಿಗೆ ಹೋಗಿ ಏನು ಬದಲಾಯಿತು ನೋಡುತ್ತೇವೆ. ತಾಂಜಾನಿಯಾದ ಗೆಯಿಟಾದಲ್ಲಿ, ವಿಕ್ಟೋರಿಯಾ ಸರೋವರದ ಆಚೀಚೆ ಇರುವ ಸಣ್ಣ ಚಿನ್ನದ ಗಣಿಗಳಲ್ಲಿ ಇದು ನಡೆಯುವುದಿಲ್ಲ. ಪಕ್ಕದಲ್ಲೆಲ್ಲೋ ಒಳ್ಳೆ ಅದಿರು ಬಿತ್ತು ಅಂತ ಸುದ್ದಿ ಬಂದರೆ ಸಾಕು, ಕ್ಯಾಂಪಿನ ಜನ ಗಂಟುಮೂಟೆ ಕಟ್ಟುತ್ತಾರೆ. ಮಳೆ ಬಂದರೆ ಇನ್ನಷ್ಟು ಜನ ಹೊಲಕ್ಕೆ ಹೋಗುತ್ತಾರೆ.

ನಾನು ಹಟ್ಟಿ ಕಡೆಯವನು. ನಮ್ಮಲ್ಲಿ ಗಣಿ ಅಂದರೆ ಶಿಫ್ಟು, ಹಾಜರಿ, ಸಂಬಳದ ಚೀಟಿ. ಇಲ್ಲಿ ಅದ್ಯಾವುದೂ ಇಲ್ಲ. ಒಬ್ಬರ ಹೆಸರಲ್ಲಿ ಲೈಸೆನ್ಸ್. ಅದರೊಳಗೆ ಹಲವು ಗುಂಡಿಗಳು, ಗುಂಡಿಗೊಬ್ಬ ಯಜಮಾನ, ಅವನ ಕೈಕೆಳಗೆ ಅಗೆಯುವವರು. ಕೂಲಿ ಹಣದಲ್ಲಲ್ಲ, ಅದಿರಿನ ಚೀಲದಲ್ಲಿ. ಆದ್ದರಿಂದ ತಿಂಗಳಿಗೆ ಎಷ್ಟು ದುಡಿಯುತ್ತೀರಿ ಅಂತ ಕೇಳಿದರೆ ಸುಮ್ನೆ ಒಂದು ಅಂಕಿ ಹೇಳುತ್ತಾರೆ. ಹಂಚಿಕೆಯಲ್ಲಿ ಯಾರಿಗೆ ಎಷ್ಟು ಚೀಲ ಬಂತು ಅಂತ ಕೇಳಿದರೆ ಚೀಲ ಲೆಕ್ಕ ಸಮೇತ ಹೇಳುತ್ತಾರೆ.

ಹಾಗಾಗಿ ಸಮೀಕ್ಷೆಯನ್ನು ಮಿಲ್ಲಿನ ಸುತ್ತ ಕಟ್ಟಿದೆವು. ಅದಿರು ಅರೆಯುವ ಮಿಲ್ಲಿಗೆ ಅಲ್ಲಿಯವರು ಕರಾಶಾ ಅನ್ನುತ್ತಾರೆ. ಗುಂಡಿ ಬತ್ತಿದರೆ ಬಿಟ್ಟು ಹೋಗುತ್ತಾರೆ, ಮಿಲ್ಲು ಅಷ್ಟು ಬೇಗ ಜಾಗ ಬದಲಿಸುವುದಿಲ್ಲ. ಸುತ್ತಲಿನ ಗುಂಡಿಗಳ ಅದಿರೆಲ್ಲ ಅಲ್ಲಿಗೇ ಬರುತ್ತದೆ. ಮೊದಲು ಮಿಲ್ಲುಗಳ ಪಟ್ಟಿ ಮಾಡಿದೆವು. ಅದರಿಂದ ಕೆಲವನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಗೆ ಚೀಲ ತರುವವರನ್ನೆಲ್ಲ ಮಾತಾಡಿಸಿದೆವು.

ಪಾದರಸದ ವಿಷಯಕ್ಕೆ ಜಾಸ್ತಿ ಸಮಯ ಕೊಡಿ. ಅರೆದ ಅದಿರಿನಿಂದ ಚಿನ್ನ ಹಿಡಿಯಲು ಅದನ್ನು ಹಾಕುತ್ತಾರೆ, ಚಿನ್ನ ಅದಕ್ಕೆ ಅಂಟಿ ಉಂಡೆಯಾಗುತ್ತದೆ. ಎಷ್ಟು ಬಳಸುತ್ತೀರಿ ಅಂತ ಕೇಳಿ ಪ್ರಯೋಜನವಿಲ್ಲ. ಅವರ ಅಳತೆ ಸೋಡಾ ಬಾಟಲಿಯ ಮುಚ್ಚಳ. ತಕ್ಕಡಿ ತೆಗೆದುಕೊಂಡು ಪಕ್ಕದಲ್ಲೇ ಕೂರಬೇಕು. ಹಾಕುವ ಮುಂಚೆ ಪಾದರಸದ ತೂಕ, ಬಟ್ಟೆಯಲ್ಲಿ ಹಿಂಡಿದಾಗ ವಾಪಸ್ ಬಂದದ್ದು, ಉಳಿದ ಉಂಡೆ, ಕೊನೆಗೆ ಸುಟ್ಟ ಮೇಲಿನ ಚಿನ್ನ. ಉಂಡೆಯಲ್ಲಿ ಸುಮಾರು ಅರ್ಧ ಪಾದರಸವೇ ಇರುತ್ತದೆ, ಸುಟ್ಟಾಗ ಅದು ಗಾಳಿಗೆ. ಅದಿರನ್ನು ತೊಳೆದು, ಭಾರವಾದ ಮಣ್ಣಿಗೆ ಮಾತ್ರ ಪಾದರಸ ಹಾಕಿದರೆ ಗ್ರಾಂ ಚಿನ್ನಕ್ಕೆ ಹೆಚ್ಚುಕಡಿಮೆ ಒಂದು ಗ್ರಾಂ ಕಳೆಯುತ್ತದೆ. ಅದಿರಿಗೆಲ್ಲ ಸುರಿದರೆ 3, 4, 5 ಗ್ರಾಂ, ಕೆಲವೊಮ್ಮೆ ಇನ್ನೂ ಜಾಸ್ತಿ. ಪಾದರಸದ ಹಾನಿ ತಡೆಯಲು 2017ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದ ನಾಲ್ಕು ಕೆಟ್ಟ ಪದ್ಧತಿಗಳನ್ನು ಹೆಸರಿಸಿದೆ: ಅದಿರಿಗೆಲ್ಲ ಪಾದರಸ ಹಾಕುವುದು, ಉಂಡೆಯನ್ನು ಬಯಲಲ್ಲಿ ಸುಡುವುದು, ಮನೆಗಳ ನಡುವೆ ಸುಡುವುದು, ಪಾದರಸ ತೆಗೆಯದ ಗಣಿತ್ಯಾಜ್ಯಕ್ಕೆ ಸೈನೈಡ್ ಹಾಕುವುದು. ನಮ್ಮ ನಮೂನೆಯಲ್ಲಿ ಈ ನಾಲ್ಕಕ್ಕೂ ಒಂದೊಂದು ಕಾಲಂ ಇತ್ತು.

ಚಿನ್ನ ಎಷ್ಟು ಸಿಗುತ್ತದೆ ಅನ್ನುವುದನ್ನು ಮೂರು ಕಡೆಯಿಂದ ಲೆಕ್ಕ ಹಾಕಿದೆವು: ಗುಂಡಿಯಿಂದ, ಮಿಲ್ಲಿನಿಂದ, ಜನರ ಗಳಿಕೆಯಿಂದ. ಮೂರೂ ಹೊಂದಲಿಲ್ಲ. ಹೀಗಾದಾಗ ಸರಾಸರಿ ತೆಗೆದು ಮುಗಿಸಬೇಡಿ, ವ್ಯತ್ಯಾಸದ ಜಾಡು ಹಿಡಿಯಿರಿ. ನಮ್ಮನ್ನು ಅದು ಮಿಲ್ಲಿನ ಹಿಂದಿನ ಮಣ್ಣಿನ ಗುಡ್ಡೆಗೆ ಕರೆದೊಯ್ಯಿತು. ಪಾದರಸಕ್ಕೆ ಎಲ್ಲ ಚಿನ್ನ ಸಿಗುವುದಿಲ್ಲ, ಎಷ್ಟೋ ಕಡೆ ಅರ್ಧವೂ ಇಲ್ಲ. ಉಳಿದದ್ದು ಆ ಗುಡ್ಡೆಯಲ್ಲಿರುತ್ತದೆ. ಗುಡ್ಡೆ ಮಿಲ್ಲಿನವರ ಪಾಲು, ಸೈನೈಡಿನಿಂದ ಚಿನ್ನ ತೆಗೆಯುವುದೂ ಅವರೇ. ಅಗೆದವನಿಗೆ ಅದರ ಲೆಕ್ಕವೇ ಸಿಗುವುದಿಲ್ಲ. ಎಲ್ಲರನ್ನೂ ಒಳಗೊಳ್ಳುವ ಯೋಜನೆ ಅಂತ ಹೇಳಿಕೊಂಡು ಇದನ್ನು ಬಿಟ್ಟರೆ ಹೇಗೆ?

ಹೆಂಗಸರದ್ದೂ ಹೀಗೇ. ಗಣಿ ಕೆಲಸ ಮಾಡುತ್ತೀರಾ ಅಂದರೆ ಇಲ್ಲ ಅನ್ನುತ್ತಾರೆ. ಕಲ್ಲು ಕುಟ್ಟುವುದು, ಜರಡಿ ಹಿಡಿಯುವುದು, ಅದಿರು ತೊಳೆಯುವುದು, ಕ್ಯಾಂಪಿಗೆ ಅಡುಗೆ ಮಾಡಿ ಮಾರುವುದು ಎಲ್ಲ ಅವರೇ. ಬೆನ್ನಿಗೆ ಕೂಸು ಕಟ್ಟಿಕೊಂಡು ದೂಳಿನಲ್ಲಿ ಕೂತವರಿದ್ದರು. ಪ್ರಶ್ನೆಯನ್ನೇ ಬದಲಿಸಿದೆವು: ‘ಮಾಮಾ (ಅಲ್ಲಿ ಅಮ್ಮ ಅಂತ ಅರ್ಥ), ನಿನ್ನೆ ಬೆಳಗ್ಗೆ ಎದ್ದ ಮೇಲೆ ಏನೇನು ಮಾಡಿದಿರಿ? ಅದಕ್ಕೆ ಯಾರು ಏನು ಕೊಟ್ಟರು?’ ಕೇಳುವವರೂ ಹೆಂಗಸರೇ ಆಗಿರಬೇಕು, ಗಂಡಸರು ಹತ್ತಿರ ಇರಬಾರದು. ಉಂಡೆಯನ್ನು ಅಡುಗೆ ಒಲೆಯಲ್ಲೇ ಸುಡುವ ವಿಷಯ ಹೊರಬಂದದ್ದು ಹಾಗೆ.

ಮೂತ್ರದಲ್ಲಿ ಪಾದರಸ ಪರೀಕ್ಷೆ ಮಾಡಿಸಬೇಕೆಂಬ ಸಲಹೆ ಬಂದಿತ್ತು. ನಾನು ಬೇಡ ಅಂದೆ. ಫಲಿತಾಂಶ ಕೆಟ್ಟದ್ದು ಬಂದವರಿಗೆ ಚಿಕಿತ್ಸೆಯ ದಾರಿ ತೋರಿಸಲು ನಮ್ಮಲ್ಲಿ ವ್ಯವಸ್ಥೆ ಇರಲಿಲ್ಲ. ಅಂಥ ಮಾದರಿ ತೆಗೆಯುವುದು ನನಗೆ ಸರಿ ಕಾಣಲಿಲ್ಲ.

ಸಮಯವೂ ಮುಖ್ಯ. ಅಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಮೊದಲ ಸುತ್ತನ್ನು ಒಣ ತಿಂಗಳಲ್ಲಿ ಮಾಡಿದರೆ ಕೊನೆಯದೂ ಅದೇ ತಿಂಗಳಲ್ಲಿ ಆಗಬೇಕು. ಇನ್ನೊಂದು, ಗಳಿಕೆಯನ್ನು ಅಲ್ಲಿನ ಹಣವಾದ ಶಿಲ್ಲಿಂಗ್ ಜೊತೆಗೆ ಚಿನ್ನದ ಗ್ರಾಂನಲ್ಲೂ ಬರೆದುಕೊಳ್ಳಿ, ಆ ದಿನದ ಚಿನ್ನದ ಬೆಲೆಯನ್ನೂ. 2019ರಿಂದ ಗೆಯಿಟಾದಲ್ಲಿ ಸರ್ಕಾರಿ ಖನಿಜ ಮಾರುಕಟ್ಟೆ ಇದೆ, ಬೆಲೆ ಅಲ್ಲಿ ಸಿಗುತ್ತದೆ. ಚಿನ್ನದ ಬೆಲೆ ಏರಿದ್ದಕ್ಕೆ ಆದಾಯ ಹೆಚ್ಚಿದರೆ ಅದನ್ನು ಯೋಜನೆಯ ಸಾಧನೆ ಅಂತ ವರದಿಯಲ್ಲಿ ಬರೆಯಲು ಆಗ ಯಾರಿಗೂ ಆಗುವುದಿಲ್ಲ.