ಒಂದೇ ವರ್ಣದ್ರವ್ಯ, ಹಲವು ಬಣ್ಣ: ದ್ರಾವಕದ ಪ್ರಭಾವವನ್ನು ಅಳೆಯುವುದು ಹೇಗೆ?

ಎರಡು ಒಣ ಪರೀಕ್ಷಾ ನಳಿಕೆಗಳನ್ನು ತೆಗೆದುಕೊಂಡು ಒಂದಕ್ಕೆ ಹೆಕ್ಸೇನ್, ಇನ್ನೊಂದಕ್ಕೆ ಎಥನಾಲ್ ಸುರಿಯಿರಿ. ಎರಡಕ್ಕೂ ಅಯೋಡಿನ್‌ನ ಒಂದೊಂದು ಸಣ್ಣ ಹರಳು ಹಾಕಿ ಅಲುಗಾಡಿಸಿ. ಹೆಕ್ಸೇನ್ ಇರುವ ನಳಿಕೆ ನೇರಳೆಗೆ ತಿರುಗುತ್ತದೆ, ಎಥನಾಲ್ ಇರುವುದು ಕಂದು ಬಣ್ಣಕ್ಕೆ. ಹರಳು ಒಂದೇ ಸೀಸೆಯದು. ಹೆಕ್ಸೇನ್‌ನಲ್ಲಿ ಕಾಣುವ ನೇರಳೆಯು ಅಯೋಡಿನ್ ಆವಿಯ ನೇರಳೆಯೇ: ಅಲ್ಲಿ ಅಣುವನ್ನು ಯಾರೂ ಅಷ್ಟಾಗಿ ತಡೆದು ಮಾತನಾಡಿಸುವುದಿಲ್ಲ. ಎಥನಾಲ್‌ನಲ್ಲಾದರೋ ಆಕ್ಸಿಜನ್ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಅಯೋಡಿನ್‌ನತ್ತ ಚಾಚುತ್ತದೆ. ಸುಮಾರು 520 ನ್ಯಾನೋಮೀಟರ್ ತರಂಗದೂರದಲ್ಲಿದ್ದ ಬೆಳಕಿನ ಹೀರಿಕೆ 445ರ ಆಸುಪಾಸಿಗೆ ಸರಿಯುತ್ತದೆ.

ಅಯೋಡಿನ್ ವರ್ಣದ್ರವ್ಯವಲ್ಲ, ನಿಜ. ಆದರೂ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ದ್ರಾವಕವೆಂದರೆ ವಸ್ತುವನ್ನು ಸುಮ್ಮನೆ ಹೊತ್ತು ನಿಲ್ಲುವ ಪಾತ್ರೆಯಲ್ಲ, ಬಣ್ಣ ಹುಟ್ಟುವುದರಲ್ಲಿ ಅದಕ್ಕೂ ಪಾಲಿದೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಆ ಪಾಲನ್ನು ಅಂಕಿಗಳಲ್ಲಿ ಹಿಡಿಯುವ ಬಗೆ ಮುಂದಿದೆ.

ವರ್ಣದ್ರವ್ಯದ ಆಯ್ಕೆ

ಎಲ್ಲ ವರ್ಣದ್ರವ್ಯಗಳೂ ದ್ರಾವಕಕ್ಕೆ ಒಂದೇ ರೀತಿ ಸ್ಪಂದಿಸುವುದಿಲ್ಲ. ಬೆಳಕು ಹೀರಿದ ಕ್ಷಣದಲ್ಲಿ ಅಣುವಿನೊಳಗಿನ ವಿದ್ಯುದಾವೇಶ ಎಷ್ಟು ಸ್ಥಳಾಂತರವಾಗುತ್ತದೆ ಎಂಬುದೇ ಇಲ್ಲಿ ಮುಖ್ಯ. ಕಲಿಯುವವರಿಗೆ ಬ್ರೂಕರ್ ಮೆರೋಸಯನಿನ್ ತುಂಬಾ ಅನುಕೂಲ. ನೀರಿನಲ್ಲಿ ಅದು ಹಳದಿ (ಹೀರಿಕೆಯ ಶಿಖರ, ಅಂದರೆ ಅತಿ ಹೆಚ್ಚು ಬೆಳಕು ಹೀರುವ ತರಂಗದೂರ, ಸುಮಾರು 440 ನ್ಯಾನೋಮೀಟರ್), ಎಥನಾಲ್‌ನಲ್ಲಿ ಕೆಂಪು (ಸುಮಾರು 510), ಅಸಿಟೋನ್‌ನಲ್ಲಿ ನೇರಳೆ (570ರ ಆಸುಪಾಸು). ನಾವು ಕಾಣುವುದು ಹೀರಿಕೊಂಡ ಬಣ್ಣವನ್ನಲ್ಲ, ಉಳಿದು ಹೊರಬಂದದ್ದನ್ನು ಎಂಬುದು ನೆನಪಿರಲಿ. ನೀರಿನ ದ್ರಾವಣ ನೀಲಿಯನ್ನು ನುಂಗುವುದರಿಂದಲೇ ಹಳದಿಯಾಗಿ ಕಾಣುತ್ತದೆ.

ಈ ಅಣುವಿನ ಒಂದು ತುದಿಯಲ್ಲಿ ಋಣ ಆವೇಶವುಳ್ಳ ಆಕ್ಸಿಜನ್, ಇನ್ನೊಂದು ತುದಿಯಲ್ಲಿ ಧನ ಆವೇಶವುಳ್ಳ ನೈಟ್ರೋಜನ್. ನೀರಿನ ಅಣುಗಳು ಈ ಎರಡೂ ತುದಿಗಳನ್ನು ಸುತ್ತುವರಿದು ಹಿಡಿದುಕೊಳ್ಳುತ್ತವೆ, ಅಣು ನೆಮ್ಮದಿಯಾಗಿ ತಳಮಟ್ಟದ ಶಕ್ತಿಗೆ ಇಳಿಯುತ್ತದೆ. ಬೆಳಕು ಬಿದ್ದಾಗ ಆವೇಶಗಳ ನಡುವಿನ ಈ ಅಂತರ ಕುಗ್ಗುತ್ತದೆ. ಬೆಳಕು ಹೀರುವ ಕ್ರಿಯೆ ಸೆಕೆಂಡಿನ ಕೋಟಿಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ ಸಮಯದಲ್ಲಿ ಮುಗಿದುಹೋಗುತ್ತದೆ. ನೀರಿನ ಅಣುಗಳಿಗೆ ಅಷ್ಟರಲ್ಲಿ ತಿರುಗಿ ನಿಲ್ಲಲು ಪುರುಸೊತ್ತಿಲ್ಲ. ಮೈ ಒಮ್ಮೆಲೇ ಬದಲಾದರೂ ತೊಟ್ಟಿರುವುದು ಹಳೆಯ ಅಳತೆಗೆ ಹೊಲಿದ ಅಂಗಿಯೇ. ಹೀಗಾಗಿ ಮೇಲಿನ ಶಕ್ತಿಮಟ್ಟಕ್ಕೆ ನೀರಿನಿಂದ ಅಷ್ಟು ಆಸರೆ ಸಿಗುವುದಿಲ್ಲ, ಎರಡು ಮಟ್ಟಗಳ ನಡುವಿನ ಅಂತರ ಹಿಗ್ಗುತ್ತದೆ, ಹೀರಿಕೆ ಕಡಿಮೆ ತರಂಗದೂರದತ್ತ ಸರಿಯುತ್ತದೆ. ನೈಲ್ ರೆಡ್‌ನಂಥ ವರ್ಣದ್ರವ್ಯಗಳಲ್ಲಿ ಇದು ತಿರುವುಮುರುವು: ಬೆಳಕು ಹೀರಿದ ಮೇಲೆ ಆವೇಶಗಳು ಇನ್ನಷ್ಟು ದೂರವಾಗುತ್ತವೆ, ದ್ರಾವಕ ಧ್ರುವೀಯವಾದಷ್ಟೂ (ಅದರ ಅಣುವಿನಲ್ಲಿ ಧನ, ಋಣ ಆವೇಶಗಳು ಬೇರೆಬೇರೆ ಕಡೆಗೆ ಸರಿದಷ್ಟೂ) ಶಿಖರ ಕೆಂಪಿನ ಕಡೆಗೆ ಹೋಗುತ್ತದೆ.

ದ್ರಾವಕಗಳ ಸಾಲು

ನೀರು, ಮೆಥನಾಲ್, ಎಥನಾಲ್, ಐಸೊಪ್ರೊಪನಾಲ್, ಅಸಿಟೋನ್ – ಈ ಐದಿದ್ದರೆ ಸಾಕು. ನೀರು ಬಿಟ್ಟು ಉಳಿದವೆಲ್ಲ ಬೇಗ ಹೊತ್ತಿಕೊಳ್ಳುತ್ತವೆ, ಮೆಥನಾಲ್ ವಿಷಕಾರಿ. ಕೈಗವಸು, ಕನ್ನಡಕ ಹಾಕಿಕೊಂಡು ಫ್ಯೂಮ್ ಹುಡ್‌ನ (ಆವಿಯನ್ನು ಹೊರಗೆಳೆದು ಹಾಕುವ ಗೂಡಿನ) ಕೆಳಗೇ ಕೆಲಸ ಮಾಡಿ, ಹತ್ತಿರ ಜ್ವಾಲೆ ಇರಬಾರದು.

ಹೆಚ್ಚಿನ ಜಾಗ್ರತೆ ಬೇಕಾದದ್ದು ತೇವದ ವಿಷಯದಲ್ಲಿ. ಈಗಷ್ಟೇ ತೊಳೆದ ಫ್ಲಾಸ್ಕ್‌ನ ಗೋಡೆಗೆ ಅಂಟಿದ ನಾಲ್ಕು ಹನಿ ನೀರು ಅಸಿಟೋನ್‌ನ ಫಲಿತಾಂಶವನ್ನು ಕೆಡಿಸಬಲ್ಲದು. ನೀರಿನ ಅಣುಗಳು ಮೆರೋಸಯನಿನ್‌ನ ಆಕ್ಸಿಜನ್ ತುದಿಯನ್ನೇ ಹುಡುಕಿಕೊಂಡು ಹೋಗಿ ಹೈಡ್ರೋಜನ್ ಬಂಧ ಬೆಸೆಯುತ್ತವೆ. ಇಡೀ ದ್ರಾವಣದಲ್ಲಿ ನೀರು ಶೇಕಡ ಒಂದೆರಡಿದ್ದರೂ ವರ್ಣದ್ರವ್ಯದ ಸುತ್ತ ಅದರ ಪಾಲು ಅದಕ್ಕಿಂತ ಹೆಚ್ಚು. ಗಾಜಿನ ಸಾಮಾನುಗಳನ್ನು ಓವನ್‌ನಲ್ಲಿ ಒಣಗಿಸಿ, ಆರಿಸಿ ಬಳಸಿ. ಆಮ್ಲದ ಸೋಂಕೂ ಅಷ್ಟೇ ಕೆಟ್ಟದ್ದು. ಆಕ್ಸಿಜನ್‌ಗೆ ಪ್ರೋಟಾನ್ ಅಂಟಿದರೆ ಆ ದಟ್ಟ ಬಣ್ಣವೇ ಮಾಯವಾಗುತ್ತದೆ. ಅದನ್ನು ದ್ರಾವಕದ ಪ್ರಭಾವವೆಂದು ಬರೆದುಕೊಂಡರೆ ಲೆಕ್ಕವೆಲ್ಲ ತಪ್ಪುತ್ತದೆ.

ದ್ರಾವಣ ಮತ್ತು ಅಳತೆ

ಲೀಟರಿಗೆ ಒಂದು ಮೋಲ್‌ನ ಲಕ್ಷದಲ್ಲೊಂದು ಪಾಲಿನಷ್ಟು ಸಾಂದ್ರತೆಯಿಂದ ಆರಂಭಿಸಿ. ಬರಿಗಣ್ಣಿಗೆ ಬಣ್ಣ ತೆಳುವಾಗಿ ಕಂಡರೂ ಬೆಳಕಿನ ಹೀರಿಕೆ ಅಳೆಯುವ ಉಪಕರಣಕ್ಕೆ, ಅಂದರೆ ಸ್ಪೆಕ್ಟ್ರೋಫೋಟೋಮೀಟರ್‌ಗೆ, ಅಷ್ಟು ಸಾಕು. ಹೀರಿಕೆಯ ಅಂಕಿ 0.2ರಿಂದ 1ರ ನಡುವೆ ಇದ್ದರೆ ಒಳ್ಳೆಯದು. ಅಂಕಿ 1 ಎಂದರೆ ಶೇಕಡ 10ರಷ್ಟು ಬೆಳಕು ಮಾತ್ರ ಆಚೆ ದಾಟಿದೆ ಎಂದರ್ಥ, 2 ಆದರೆ ಶೇಕಡ 1.

ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನ ಕ್ಯೂವೆಟ್‌ಗೆ (ದ್ರಾವಣ ತುಂಬಿ ಉಪಕರಣದೊಳಗೆ ಇಡುವ ಪುಟ್ಟ ಪಾತ್ರೆಗೆ) ಅಸಿಟೋನ್ ಸುರಿಯಬೇಡಿ. ನೋಡನೋಡುತ್ತಿದ್ದಂತೆ ಗೋಡೆಗಳು ಮಂಜಾಗಿ ಮೆತ್ತಗಾಗುತ್ತವೆ. ಗಾಜಿನದು ಅಥವಾ ಕ್ವಾರ್ಟ್ಜ್‌ನದು ಬೇಕು. ಪ್ರತಿ ದ್ರಾವಣಕ್ಕೂ ಅದರದೇ ಶುದ್ಧ ದ್ರಾವಕವನ್ನು ಹಾಕಿ ಶೂನ್ಯ ಹೊಂದಿಸಿಕೊಳ್ಳಿ, ಎಲ್ಲಕ್ಕೂ ನೀರಿನ ಶೂನ್ಯವನ್ನೇ ಬಳಸುವುದು ಸೋಮಾರಿತನ. ಅಸಿಟೋನ್ ಸುಮಾರು 330 ನ್ಯಾನೋಮೀಟರ್‌ಗಿಂತ ಕೆಳಗಿನ ಬೆಳಕನ್ನು ತಾನೇ ನುಂಗಿಬಿಡುವುದರಿಂದ ಆ ಭಾಗದ ಗೆರೆಯನ್ನು ನಂಬಲಾಗದು. ನಮ್ಮ ಶಿಖರಗಳೆಲ್ಲ ಅದರ ಮೇಲಿವೆ. 350ರಿಂದ 750ರವರೆಗೆ ಸ್ಪೆಕ್ಟ್ರೋಫೋಟೋಮೀಟರ್ ಓಡಿಸಿ, ಶಿಖರದ ತರಂಗದೂರ ಬರೆದುಕೊಳ್ಳಿ.

ಆಮೇಲೆ ಅದೇ ದ್ರಾವಣವನ್ನು ಅರ್ಧಕ್ಕೆ ತೆಳುಮಾಡಿ ಮತ್ತೊಮ್ಮೆ ಅಳೆಯಿರಿ. ಈ ಹೆಜ್ಜೆಯನ್ನು ಹಲವರು ಬಿಟ್ಟುಬಿಡುತ್ತಾರೆ. ಶಿಖರದ ಎತ್ತರ ಅರ್ಧಕ್ಕಿಳಿದು ಜಾಗ ಹಾಗೆಯೇ ಉಳಿದರೆ ಸರಿ. ಜಾಗವೂ ಬದಲಾದರೆ ವರ್ಣದ್ರವ್ಯದ ಅಣುಗಳು ತಮ್ಮತಮ್ಮಲ್ಲೇ ಜೋಡಿಯಾಗುತ್ತಿರಬಹುದು. ನೀರಿನಲ್ಲಿ ಕರಗಿಸಿದ ಮೀಥಿಲೀನ್ ಬ್ಲೂ ಇದಕ್ಕೆ ಹೆಸರುವಾಸಿ: ಒಂಟಿ ಅಣುವಿನ ಶಿಖರ 664 ನ್ಯಾನೋಮೀಟರ್‌ನಲ್ಲಿದ್ದರೆ, ಸಾಂದ್ರತೆ ಏರಿದಂತೆ ಜೋಡಿ ಅಣುಗಳ ಗುರುತು 610ರ ಹತ್ತಿರ ತಲೆಯೆತ್ತುತ್ತದೆ.

ಅಂಕಿಗಳನ್ನು ಶಕ್ತಿಗೆ ಬದಲಿಸಿ

ನ್ಯಾನೋಮೀಟರ್‌ಗಳನ್ನೇ ಹೋಲಿಸಿದರೆ ಮೋಸಹೋಗುತ್ತೀರಿ. 440ರಿಂದ 460ಕ್ಕೆ ಸರಿಯುವುದೂ 780ರಿಂದ 800ಕ್ಕೆ ಸರಿಯುವುದೂ ಕಾಗದದ ಮೇಲೆ 20 ನ್ಯಾನೋಮೀಟರೇ. ಆದರೆ ಶಕ್ತಿಯ ಲೆಕ್ಕದಲ್ಲಿ ಮೊದಲನೆಯದು ಎರಡನೆಯದರ ಮೂರು ಪಟ್ಟು. ಆದ್ದರಿಂದ 28,591ನ್ನು ಶಿಖರದ ತರಂಗದೂರದಿಂದ ಭಾಗಿಸಿ, ಶಕ್ತಿ ಮೋಲ್‌ಗೆ ಇಷ್ಟು ಕಿಲೋಕ್ಯಾಲರಿ ಎಂದು ಸಿಗುತ್ತದೆ.

ಈ ಲೆಕ್ಕದಿಂದಲೇ ದ್ರಾವಕಗಳ ಧ್ರುವೀಯತೆಗೆ ಒಂದು ಅಳತೆಗೋಲು ಹುಟ್ಟಿದೆ. 1963ರಲ್ಲಿ ಜರ್ಮನಿಯ ಕಾರ್ಲ್ ಡಿಮ್ರೋತ್ ಮತ್ತು ಕ್ರಿಸ್ಟಿಯಾನ್ ರೈಖಾರ್ಟ್ ತಮ್ಮ ಬೀಟೇನ್ ವರ್ಣದ್ರವ್ಯದ ಶಿಖರಗಳನ್ನು ಬಳಸಿ ಅದನ್ನು ಕಟ್ಟಿದರು. ಆ ಅಳತೆಯಲ್ಲಿ ನೀರಿಗೆ 63.1, ಮೆಥನಾಲ್‌ಗೆ 55.4, ಎಥನಾಲ್‌ಗೆ 51.9, ಐಸೊಪ್ರೊಪನಾಲ್‌ಗೆ 48.4, ಅಸಿಟೋನ್‌ಗೆ 42.2. ನಿಮ್ಮ ಮೆರೋಸಯನಿನ್‌ನ ಶಕ್ತಿಯನ್ನು ಲಂಬ ಅಕ್ಷದಲ್ಲಿ, ಈ ಅಂಕಿಗಳನ್ನು ಅಡ್ಡ ಅಕ್ಷದಲ್ಲಿ ಇಟ್ಟು ಐದು ಚುಕ್ಕೆ ಹಾಕಿ. ಚುಕ್ಕೆಗಳು ಏರುಗೆರೆಯೊಂದರ ಸುತ್ತ ನಿಂತರೆ ಪ್ರಯೋಗ ಹದವಾಗಿ ನಡೆದಿದೆ. ಅಸಿಟೋನ್‌ನ ಚುಕ್ಕೆ ಒಂದೇ ಮೇಲಕ್ಕೆ ಜಿಗಿದಿದ್ದರೆ ವರ್ಣದ್ರವ್ಯವನ್ನು ಬೈಯುವ ಮೊದಲು ಫ್ಲಾಸ್ಕ್ ಒಣಗಿತ್ತೇ ಎಂದು ನೋಡಿ.

ಸಮಯವಿದ್ದರೆ ಅಸಿಟೋನ್ ದ್ರಾವಣಕ್ಕೆ ಹನಿಹನಿಯಾಗಿ ನೀರು ಸೇರಿಸುತ್ತಾ ಪ್ರತಿ ಸಲವೂ ಅಳೆಯಿರಿ. ಬಣ್ಣ ಸಮ ಹೆಜ್ಜೆಯಲ್ಲಿ ಬದಲಾಗುವುದಿಲ್ಲ. ಮೊದಲ ಕೆಲವು ಹನಿಗಳಿಗೇ ನೇರಳೆ ಕೆಂಪಿನತ್ತ ಓಡುತ್ತದೆ, ಆಮೇಲಿನ ಹನಿಗಳಿಗೆ ಅಷ್ಟು ಬಲವಿರುವುದಿಲ್ಲ.