ಮೊಟ್ಟೆಯ ಬಿಳಿಯಲ್ಲಿ ಚಿನ್ನದ ಕ್ಲಸ್ಟರ್: ನನ್ನ ಅನುಭವ

"ಮೊಟ್ಟೆಯ ಬಿಳಿಯಲ್ಲಿ ಬರೀ ಗಂಟು ಬರುತ್ತೆ, ಕ್ಲಸ್ಟರ್ ಬರಲ್ಲ ಕಣೋ" ಅಂತ ನಮ್ಮ ಲ್ಯಾಬಿನ ಸೀನಿಯರ್ ಹೇಳಿದ್ದರು. ಕ್ಲಸ್ಟರ್ ಅಂದರೆ ಕೆಲವೇ ಚಿನ್ನದ ಪರಮಾಣುಗಳ ಪುಟ್ಟ ಗುಂಪು, ಪ್ರೋಟೀನ್ ಸುತ್ತಿಕೊಂಡಿದ್ದರೆ ಯುವಿ ಬೆಳಕಿಗೆ ಕೆಂಪಗೆ ಹೊಳೆಯುತ್ತೆ. ಹೋದ ತಿಂಗಳು ಯುವಿ ಲ್ಯಾಂಪಿನ ಕೆಳಗೆ ಟ್ಯೂಬ್ ಕೆಂಪಗೆ ಹೊಳೆದಾಗ ಅವರನ್ನೇ ಮೊದಲು ಕರೆದು ತೋರಿಸಿದೆ.

ಇದಕ್ಕೆ ರೂಢಿಯ ದಾರಿ ಬಿಎಸ್‌ಎ, ಅಂದರೆ ಹಸುವಿನ ರಕ್ತದ ಅಲ್ಬುಮಿನ್ ಪ್ರೋಟೀನ್: ಅದಕ್ಕೆ ಚಿನ್ನದ ಲವಣ, ಆಮೇಲೆ ಕಾಸ್ಟಿಕ್ ಸೋಡಾ ಬೆರೆಸಿ ಬೆಚ್ಚಗಿಡುವುದು. 2009ರಿಂದ ಹೆಚ್ಚಿನವರು ಮಾಡುತ್ತಿರುವುದು ಅದನ್ನೇ. ನಮ್ಮಲ್ಲಿ ಬಿಎಸ್‌ಎ ಮುಗಿದಿತ್ತು, ಹೊಸ ಬಾಟಲಿ ಎರಡು ತಿಂಗಳಾದರೂ ಬರಲಿಲ್ಲ. ಮೊಟ್ಟೆ ಮೂಲೆಯ ಅಂಗಡಿಯಲ್ಲೇ ಸಿಗುತ್ತೆ ಅಲ್ವಾ? ಬಿಳಿಯಲ್ಲಿ ನೂರಕ್ಕೆ ಸುಮಾರು 10 ಪಾಲು ಪ್ರೋಟೀನ್. ಅಷ್ಟೇ ನೀರು ಬೆರೆಸಿದರೆ ಮಿಲಿಗೆ 50 ಮಿಲಿಗ್ರಾಂ, ಬಿಎಸ್‌ಎ ಲೆಕ್ಕವೇ.

ಮೊದಲ 14 ಸಲ ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಚಿನ್ನದ ಲವಣವಾದ ಗೋಲ್ಡ್ ಕ್ಲೋರೈಡ್ ಗ್ರಾಂಗೆ ಹತ್ತು ಸಾವಿರ ದಾಟಿತ್ತು. ಒಂದು ಸಲಕ್ಕೆ 20 ಮಿಲಿಗ್ರಾಂ ಹಿಡಿದರೂ ಹತ್ತಿರ ಹತ್ತಿರ ಮೂರು ಸಾವಿರ ವೇಸ್ಟ್ ಬಾಟಲಿಗೆ ಹೋಯಿತು. ಒಂದು ಸಲ ಅವಸರದಲ್ಲಿ ಸ್ಟೀಲ್ ಸ್ಪ್ಯಾಚುಲಾದಲ್ಲಿ ಆ ಚಿನ್ನದ ಲವಣ ತೆಗೆದೆ, ತುದಿ ಕಪ್ಪಾಯಿತು. ಇನ್ನೊಂದು ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾಯಿತು. ಜಾಸ್ತಿ ಸಲ ಆಗಿದ್ದು ಮಾತ್ರ ಒಂದೇ: ಬೆಳಿಗ್ಗೆ ಬಂದು ನೋಡಿದರೆ ನೇರಳೆ ಹಣ್ಣಿನ ರಸದ ಬಣ್ಣ. ಅಂದರೆ ಕಣಗಳು ದಪ್ಪಗೆ ಬೆಳೆದಿವೆ, ಕೆಂಪು ಹೊಳಪಿಲ್ಲ.

ತಪ್ಪು ಕಾಸ್ಟಿಕ್ ಸೋಡಾದಲ್ಲಿತ್ತು. ಮೂರು ತಿಂಗಳ ಹಳೆಯ ದ್ರಾವಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕುಡಿದು ಸತ್ತಿತ್ತು. ಪಿಎಚ್ 12ರ ಹತ್ತಿರ ಹೋಗುತ್ತಲೇ ಇರಲಿಲ್ಲ, ಹಾಗಾಗಿ ಪ್ರೋಟೀನಿನಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲ ಲವಣದ ಚಿನ್ನವನ್ನು ಸರಿಯಾಗಿ ಲೋಹವಾಗಿ ಬದಲಿಸುತ್ತಿರಲಿಲ್ಲ. ಅದೇ ದಿನ ಹೊಸದಾಗಿ ಕರಗಿಸಿ, ಗಾಜಿನ ಪಾತ್ರೆಗಳನ್ನು ಅಕ್ವಾ ರೀಜಿಯಾದಲ್ಲಿ (ಚಿನ್ನವನ್ನೂ ಕರಗಿಸುವ ಆಮ್ಲಗಳ ಮಿಶ್ರಣ) ತೊಳೆದು ಮಾಡಿದೆ. ಚಿನ್ನ ಹಾಕಿದಾಗ ಬಂದ ಬಿಳಿ ಗಂಟು ಸೋಡಾ ಬಿದ್ದ ಮೇಲೆ ಕರಗಿತು. 12 ಗಂಟೆಯ ನಂತರ ಕಡು ಕಂದು, ಯುವಿ ಕೆಳಗೆ ಕೆಂಪು. ಬಿಳಿಯ ಲೋಳೆ ಎಳೆಗಳನ್ನು ಮೊದಲೇ ಸೋಸಿ ಸೆಂಟ್ರಿಫ್ಯೂಜ್ ಮಾಡಲೇಬೇಕು. ನೊರೆ ಏಳದ ಹಾಗೆ ಕಲಕಲು ನಾನು ಕಂಡುಕೊಂಡ ಒಂದು ಉಪಾಯವಿದೆ, ಪೇಪರ್ ಆಗುವವರೆಗೆ ಅದು ನನ್ನ ಹತ್ತಿರವೇ ಇರಲಿ.

ಚಿನ್ನ ಹಾಕದ ಟ್ಯೂಬನ್ನೂ ಪಕ್ಕದಲ್ಲಿಟ್ಟು ನೋಡಿ. ಬರೀ ಬಿಳಿಯೂ ನೀಲಿಯಾಗಿ ಹೊಳೆಯುತ್ತೆ. ನಾನೇ ಒಂದು ವಾರ ಅದಕ್ಕೆ ಮೋಸ ಹೋಗಿದ್ದೆ.

ನಡುವೆ ಸುಮ್ನೆ ಕುತೂಹಲಕ್ಕೆ ಒಂದು ಹನಿ ಪಾದರಸದ ಲವಣ ಹಾಕಿದೆ, ಕೆಂಪು ತಟ್ಟನೆ ಆರಿತು. ಚಿನ್ನ ಎಕ್ಸ್-ರೇ ತಡೆಯುತ್ತೆ ಅಂತ ಗೆಳೆಯರ ನೆರವಿನಿಂದ ಸಿಟಿ ಸ್ಕ್ಯಾನಿನಲ್ಲೂ ಇಟ್ಟೆವು. ಮಿಲಿಗೆ 1 ಮಿಲಿಗ್ರಾಂ ಚಿನ್ನ ಕಾಣಲೇ ಇಲ್ಲ ಅನ್ನಬಹುದು, ಹತ್ತು ಪಟ್ಟು ಗಟ್ಟಿ ಮಾಡಿದಾಗ ಬೆಳ್ಳಗೆ ಕಂಡಿತು.

ಇದನ್ನು ಮೈಗೆ ಚುಚ್ಚುವ ಮಾತು ಈಗ ಬೇಡ. ಪ್ರೋಟೀನ್ ಸುತ್ತಿಕೊಂಡ ಕ್ಲಸ್ಟರ್ ಮೂತ್ರಪಿಂಡದ ಸುಮಾರು 5.5 ನ್ಯಾನೋಮೀಟರ್ ಜರಡಿ ದಾಟುವುದು ಕಷ್ಟ, ಯಕೃತ್ತಿನಲ್ಲಿ ಕೂರುತ್ತೆ. ಅದಕ್ಕೇ ಪ್ರೋಟೀನ್ ಬದಲು ಗ್ಲುಟಾಥಿಯೋನ್ ಎಂಬ ಪುಟ್ಟ ಅಣು ಹಾಕಿ 70 ಡಿಗ್ರಿಯಲ್ಲಿ ಇನ್ನೊಂದು ಬ್ಯಾಚ್ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆಗೆ 24 ಗಂಟೆ ಆಗುತ್ತೆ.