ಬಿಚ್ಚಿದ ಉಲ್ಲನ್ನನ್ನು ನೀರಿಗೆ ಹಾಕದೆ ಹೆಣೆಯಬೇಡಿ

ಶಿವರಾತ್ರಿಗೆ ಚಳಿ ಶಿವ ಶಿವ ಎನ್ನುತ್ತಾ ಹೊರಟ ಮೇಲೆ, ಮಕ್ಕಳಿಗೆ ಗಿಡ್ಡವಾದ ಸ್ವೆಟರುಗಳನ್ನು ಬಿಚ್ಚಿ ಹೊಸ ಹೆಣಿಗೆ ಆರಂಭಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಯುಗಾದಿಯಿಂದ ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ಹೆಣ್ಣುಮಕ್ಕಳು ಒಟ್ಟಿಗೆ ಕುಳಿತು ಆಸ್ಪತ್ರೆಯ ಕೂಸುಗಳಿಗೆ ಕುಲಾವಿ ಹೆಣೆಯತೊಡಗಿದ್ದಾರೆ, ಕೆಲವರು ಇದನ್ನೇ ಸಣ್ಣ ಸಂಪಾದನೆಯ ದಾರಿ ಮಾಡಿಕೊಳ್ಳುವ ಹುರುಪಿನಲ್ಲಿಯೂ ಇದ್ದಾರೆ. ಅದು ನನಗೆ ನಿಜವಾದ ಸಂತೋಷ. ಆದರೆ ಬಿಚ್ಚಿದ ಉಲ್ಲನ್ ಶಾವಿಗೆಯಂತೆ ಸುಕ್ಕುಸುಕ್ಕಾಗಿರುವಾಗಲೇ ಅದನ್ನು ಬಿಗಿಯಾಗಿ ಉಂಡೆ ಸುತ್ತಿ ಕಡ್ಡಿಗೆ ಏರಿಸುವುದನ್ನು ಕಂಡರೆ ಸುಮ್ಮನಿರಲಾಗುವುದಿಲ್ಲ. ಅಂಥ ನೂಲಿನಲ್ಲಿ ಒಂದು ಕುಣಿಕೆ ದೊಡ್ಡದು, ಒಂದು ಸಣ್ಣದು. ಮೊದಲ ಒಗೆತಕ್ಕೇ ಅಳತೆ ಕೆಡುತ್ತದೆ.

ಮೊದಲು ಜೋಡಣೆಯ ಹೊಲಿಗೆಯನ್ನು ಬಿಡಿಸಿ, ಹೆಣಿಗೆ ಮುಗಿಸಿದ ತುದಿಯಿಂದ ಎಳೆಯುತ್ತಾ ಬನ್ನಿ. ಸ್ಟೂಲನ್ನು ಬೋರಲು ಹಾಕಿ, ಅದರ ನಾಲ್ಕು ಕಾಲುಗಳ ಸುತ್ತ ನೂಲನ್ನು ಎಳೆಯದೆ ಸುತ್ತಿದರೆ ಲಡಿಯಾಗುತ್ತದೆ. ಲಡಿಯನ್ನು ನಾಲ್ಕು ಕಡೆ ಬಿಳಿಯ ಹತ್ತಿ ದಾರದಿಂದ ಕಟ್ಟಬೇಕು. ಬಣ್ಣದ ದಾರವಾದರೆ ಬಣ್ಣ ಬಿಡುತ್ತದೆ. ಕಟ್ಟುವಾಗ ಎಳೆಗಳನ್ನು ಎರಡು ಪಾಲು ಮಾಡಿ, ದಾರವನ್ನು ಅವುಗಳ ನಡುವೆ 8ರ ಆಕಾರದಲ್ಲಿ ಹಾಯಿಸಿ, ಬೆರಳು ನುಸುಳುವಷ್ಟು ಸಡಿಲ ಬಿಡಿ. ಬಿಗಿದ ಕಡೆ ನೀರು ಇಳಿಯದೆ ಸುಕ್ಕು ಹಾಗೆಯೇ ಉಳಿಯುತ್ತದೆ. ಇಷ್ಟನ್ನು ಹೇಳುವುದರೊಳಗೆ ಈಗಿನವರು ರಬ್ಬರ್ ಬ್ಯಾಂಡ್ ಹಾಕಿ ಎದ್ದಿರುತ್ತಾರೆ.

ಉಗುರು ಬೆಚ್ಚಗಿನ ನೀರಿಗೆ ಅಂಟುವಾಳದ ಸೋಸಿದ ನೊರೆ ಬೆರೆಸಿ, ಲಡಿಯನ್ನು ಮುಳುಗಿಸಿ ಬಿಡಿ, ಉಜ್ಜಬೇಡಿ. ಬಿಸಿನೀರೂ ಉಜ್ಜುವಿಕೆಯೂ ಸೇರಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ. ಅಷ್ಟೇ ಬೆಚ್ಚಗಿನ ನೀರಿನಲ್ಲಿ ಜಾಲಿಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಿನಲ್ಲಿ ಗಳದ ಮೇಲೆ ತೂಗುಹಾಕಿ. ನಮ್ಮ ಅತ್ತೆಯವರು ಲಡಿಯ ಕೆಳತುದಿಗೆ ಹಗುರವಾದ ಒಂದು ಸೌಟು ಸಿಕ್ಕಿಸಿ, ಆಗಾಗ ಬಂದು ಲಡಿಯನ್ನು ತಿರುಗಿಸಿ ಹೋಗುತ್ತಿದ್ದರು. ಭಾರ ಹೆಚ್ಚಾದರೆ ನೂಲು ಎಳೆದುಕೊಂಡು ಸತ್ವ ಕಳೆದುಕೊಳ್ಳುತ್ತದೆ ಎಂಬುದು ಅವರಿಂದ ಕಲಿತದ್ದು.  

ಪೂರ್ತಿ ಒಣಗಿದ ಮೇಲೆ ನಾಲ್ಕು ಬೆರಳುಗಳ ಮೇಲೆ ಸುತ್ತಿ, ಬೆರಳು ತೆಗೆದು, ದಿಕ್ಕು ಬದಲಿಸುತ್ತಾ ಮೆತ್ತನೆಯ ಉಂಡೆ ಮಾಡಿಕೊಳ್ಳಿ. ಅಕ್ರಿಲಿಕ್ ನೂಲಿನ ಸುಕ್ಕು ಇಷ್ಟು ಚೆನ್ನಾಗಿ ಹೋಗದು. ಹಾಗೆಂದು ಅದರ ಮೇಲೆ ಇಸ್ತ್ರಿ ಆಡಿಸಿದರೆ ಜೋತುಬೀಳುತ್ತದೆ. ಸ್ವೆಟರಿನ ಅಂಚಿಗೆ 10ನೇ ನಂಬರಿನ ತೆಳು ಕಡ್ಡಿ, ಮೈಗೆ ಅದಕ್ಕಿಂತ ದಪ್ಪನೆಯ 8ನೆಯದು ಸಾಕು. ಕೈ ಬಿಗಿಯಿರುವವರು ಒಂದು ನಂಬರು ದಪ್ಪನೆಯದನ್ನು ಹಿಡಿಯಲಿ. ಕುಲಾವಿಗೆ ಮಾತ್ರ, ಉಲ್ಲನ್ನನ್ನು ನಿಮ್ಮ ಕುತ್ತಿಗೆಗೆ ಒಂದಿಷ್ಟು ಹೊತ್ತು ಸುತ್ತಿಕೊಂಡು ನೋಡಿ, ಚುಚ್ಚಿದರೆ ಅದನ್ನು ದೊಡ್ಡವರ ಸ್ವೆಟರಿಗೆ ಎತ್ತಿಡಿ.